ಈ ದೆವ್ವ ಯಾರ ಕಣ್ಣಿಗೆ ಕಾಣುತ್ತದೆ?

ನಮ್ಮ ಹಟ್ಟಿಗಳಲ್ಲಿ ದೆವ್ವಗಳಿಗೆ ಕೊರತೆ ಇರಲಿಲ್ಲ. ಬಾವಿಗೆ ಬಿದ್ದವಳು, ಗದ್ದೆ ಬದುವಿನಲ್ಲಿ ಹೆಣವಾದವನು, ಹೆರಿಗೆಯಲ್ಲಿ ಕಣ್ಣು ಮುಚ್ಚಿದವಳು, ಜೀತಕ್ಕಿದ್ದ ಮನೆಯ ಕೊಟ್ಟಿಗೆಯಲ್ಲಿ ನೇತಾಡಿದವನು - ಆಯಸ್ಸು ಮುಗಿಯದೆ ಹೋದವರೆಲ್ಲ ಊರಾಚೆಯ ಹುಣಸೆಮರ ಸೇರುತ್ತಿದ್ದರು. ಅವ್ವಂದಿರು ಬೇವಿನಸೊಪ್ಪು, ಹಳೇ ಪೊರಕೆ, ಮೆಟ್ಟು ಹಿಡಿದು ಅವರನ್ನು ಓಡಿಸುತ್ತಿದ್ದರು. ಆದರೆ ಅವನು ಬದುವಿನಲ್ಲಿ ಹೆಣವಾದದ್ದು ಹೇಗೆ, ಅವಳು ಬಾವಿಗೆ ಬಿದ್ದಳೋ ಯಾರಾದರೂ ನೂಕಿದರೋ, ಈ ಮಾತನ್ನು ಮಾತ್ರ ಯಾರೂ ಬಾಯಿಬಿಟ್ಟು ಕೇಳುತ್ತಿರಲಿಲ್ಲ. ಕೊಲೆಯ ಕತೆ ಹೇಳಲಾಗದವರು ದೆವ್ವದ ಕತೆ ಹೇಳುತ್ತಿದ್ದರೇನೋ ಎಂದು ನಮಗೆ ಈಗ ಅನ್ನಿಸುತ್ತಿದೆ.

ಹೀಗೆ ಅನ್ನಿಸುವಂತೆ ಮಾಡಿದ್ದು ಮಕ್ಕಳ ಕಾದಂಬರಿಯೊಂದು. ಅಮೆರಿಕದ ಕಪ್ಪು ಲೇಖಕಿ ಜ್ಯೂವೆಲ್ ಪಾರ್ಕರ್ ರೋಡ್ಸ್ ಬರೆದ ಈ ‘ಘೋಸ್ಟ್ ಬಾಯ್ಸ್’ 2018ರಲ್ಲಿ ಪ್ರಕಟವಾಯಿತು. ಹತ್ತು ಹನ್ನೆರಡು ವರ್ಷದ ಮಕ್ಕಳಿಗೆಂದು ಬರೆದದ್ದು. ಮಕ್ಕಳ ಪುಸ್ತಕವನ್ನು ಈ ಪುಟಗಳಲ್ಲಿ ಯಾಕೆ ಚರ್ಚಿಸಬೇಕು ಎಂದು ಕೇಳುವ ಗೆಳೆಯರಿದ್ದಾರೆ. ನಮ್ಮ ಮಕ್ಕಳಿಗೆ ಇವತ್ತಿಗೂ ರಾಜಕುಮಾರನ ಕುದುರೆ, ಬುದ್ಧಿವಂತ ಮಂತ್ರಿ, ಬಡವನಾದರೂ ಪ್ರಾಮಾಣಿಕನಾದ ಕಟ್ಟಿಗೆ ಕಡಿಯುವವನ ಕತೆಗಳನ್ನೇ ಉಣಿಸುತ್ತಿದ್ದೇವಲ್ಲ, ಅದಕ್ಕಾಗಿ ಚರ್ಚಿಸಬೇಕು ಎಂಬುದು ನಮ್ಮ ಉತ್ತರ.

ಕತೆ ಇಷ್ಟು. ಷಿಕಾಗೋ ನಗರದ ಬಡ ಕರಿಯರ ಓಣಿಯಲ್ಲಿ ಜೆರೋಮ್ ರೋಜರ್ಸ್ ಎಂಬ ಹನ್ನೆರಡು ವರ್ಷದ ಹುಡುಗ. ಅಪ್ಪನದು ನಗರ ನೈರ್ಮಲ್ಯದ ಕೆಲಸ. ಅವ್ವನೂ ದುಡಿಯುವವಳು. ಮನೆ ನೋಡಿಕೊಳ್ಳುವವಳು ಅಜ್ಜಿ. ಕಿಮ್ ಎಂಬ ತಂಗಿ. ಶಾಲೆಯಲ್ಲಿ ಅವನನ್ನು ಹಿಂಸಿಸುವ ಮೂವರು ಪುಂಡರು. ಟೆಕ್ಸಾಸಿನಿಂದ ಹೊಸದಾಗಿ ಬಂದು ಸೇರಿದ ಕಾರ್ಲೋಸ್ ಎಂಬ ಹುಡುಗ ಜೆರೋಮನ ಗೆಳೆಯನಾಗುತ್ತಾನೆ. ಇಬ್ಬರನ್ನೂ ಪುಂಡರು ಶಾಲೆಯ ಪಾಯಖಾನೆಯಲ್ಲಿ ಅಟಕಾಯಿಸಿದಾಗ ಕಾರ್ಲೋಸ್ ಆಟದ ಪಿಸ್ತೂಲು ತೋರಿಸಿ ಅವರನ್ನು ಹೆದರಿಸುತ್ತಾನೆ. ಆಮೇಲೆ ಪ್ರೀತಿಯಿಂದ ಅದನ್ನು ಜೆರೋಮನಿಗೆ ಆಡಲು ಕೊಡುತ್ತಾನೆ. ಹುಟ್ಟಿದಾಗಿನಿಂದ ಯಾವ ತಂಟೆಗೂ ಹೋಗದ ಹುಡುಗ ಪಾಳುಬಿದ್ದ ಬಯಲಲ್ಲಿ ಒಬ್ಬನೇ ನಿಂತು, ತಾನೂ ಸಿನಿಮಾದ ಹೀರೋ ಎಂಬಂತೆ ಡಿಶುಂ ಡಿಶುಂ ಅನ್ನುತ್ತಾನೆ. ಪೊಲೀಸ್ ಕಾರು ಬರುತ್ತದೆ. ಬಿಳಿಯ ಪೊಲೀಸ್ ಅಧಿಕಾರಿ ಗುಂಡು ಹಾರಿಸುತ್ತಾನೆ, ಅದೂ ಬೆನ್ನಿಗೆ.

ಲೇಖಕಿ ಈ ಸಾವನ್ನು ಕೊನೆಗೆ ಇಟ್ಟಿಲ್ಲ. ಮೊದಲನೇ ಪುಟದಲ್ಲೇ ಹುಡುಗ ಸತ್ತಿದ್ದಾನೆ. ನೆಲದ ಮೇಲೆ ಬಿದ್ದ ತನ್ನ ಮೈಯನ್ನು ತಾನೇ ನಿಂತು ನೋಡುತ್ತಾನೆ. ಅಲ್ಲಿಂದ ಮುಂದೆ ‘ಸತ್ತ’ ಅಧ್ಯಾಯ ಒಂದು, ‘ಬದುಕಿದ್ದ’ ಅಧ್ಯಾಯ ಒಂದು, ಹೀಗೆ ಕತೆ ನೇಯುತ್ತಾ ಹೋಗುತ್ತದೆ. ನವ್ಯರ ಕಾದಂಬರಿಗಳಲ್ಲಿ ಸಾವೆಂದರೆ ಕಿಟಕಿಯ ಹತ್ತಿರ ಕೂತು ಸಿಗರೇಟು ಸುಡುತ್ತಾ ಯೋಚಿಸುವ ವಸ್ತುವಾಗಿತ್ತು. ಅಲ್ಲಿ ಸಾವಿಗೆ ಜಾತಿಯಿರಲಿಲ್ಲ, ವಿಳಾಸವಿರಲಿಲ್ಲ, ಪೋಸ್ಟ್‌ಮಾರ್ಟಮ್ ವರದಿಯಿರಲಿಲ್ಲ. ಇಲ್ಲಿ ಎಲ್ಲವೂ ಇದೆ. ಇಂಥ ಓಣಿ, ಇಂಥ ಬಣ್ಣ, ಇಂಥ ಇಲಾಖೆಯ ಗುಂಡು. ಕೊಲ್ಲುವ ವ್ಯವಸ್ಥೆಯನ್ನು ಬಿಟ್ಟು ಸಾವಿನ ಬಗ್ಗೆ ಒಂದು ವಾಕ್ಯವನ್ನೂ ಈ ಲೇಖಕಿ ಬರೆಯುವುದಿಲ್ಲ. ಅದೂ ಐದನೇ ಆರನೇ ಕ್ಲಾಸಿನ ಮಕ್ಕಳಿಗೆ ತಿಳಿಯುವ ಸಣ್ಣ ಸಣ್ಣ ವಾಕ್ಯಗಳಲ್ಲಿ.

ಇದು ಬರೀ ಕಲ್ಪನೆಯೆಂದು ಯಾರೂ ತಿಳಿಯಬಾರದು. 2014ರ ನವೆಂಬರ್ 22ರಂದು ಕ್ಲೀವ್‌ಲ್ಯಾಂಡ್ ನಗರದ ಪಾರ್ಕೊಂದರಲ್ಲಿ ಆಟದ ಪಿಸ್ತೂಲು ಹಿಡಿದಿದ್ದ ಟಮೀರ್ ರೈಸ್ ಎಂಬ ಹನ್ನೆರಡು ವರ್ಷದ ಕಪ್ಪು ಹುಡುಗನಿಗೆ, ಕಾರು ಬಂದು ನಿಂತ ಎರಡೇ ಸೆಕೆಂಡಿನಲ್ಲಿ ಪೊಲೀಸರು ಗುಂಡು ಹೊಡೆದರು. ಫೋನು ಮಾಡಿದವನು ಅದು ನಕಲಿ ಇರಬಹುದೆಂದು ಹೇಳಿದ್ದ. ಆ ಮಾತು ಕಾರಿನಲ್ಲಿದ್ದವರಿಗೆ ತಲುಪಲೇ ಇಲ್ಲ. ತಮ್ಮನ ಕಡೆ ಓಡಿಬಂದ ಹದಿನಾಲ್ಕರ ಅಕ್ಕನನ್ನು ನೆಲಕ್ಕೆ ಕೆಡವಿ, ಕೈಗೆ ಬೇಡಿ ಹಾಕಿ, ಅದೇ ಕಾರಿನಲ್ಲಿ ಕೂರಿಸಿದರು. 2015ರ ಡಿಸೆಂಬರಿನಲ್ಲಿ ಗ್ರ್ಯಾಂಡ್ ಜ್ಯೂರಿ, ಮೊಕದ್ದಮೆ ಹೂಡುವಂಥದ್ದೇನೂ ಇಲ್ಲವೆಂದಿತು. ರೋಡ್ಸ್ ಅವರ ಕಾದಂಬರಿಯ ಹಿಂದೆ ಈ ಹುಡುಗನಿದ್ದಾನೆ. ಅವನ ಹಿಂದೆ ಇನ್ನೂ ಒಬ್ಬ ಹುಡುಗನಿದ್ದಾನೆ. ಅವನ ವಿಚಾರಕ್ಕೆ ಆಮೇಲೆ ಬರುತ್ತೇವೆ.

ದೆವ್ವದ ಕತೆಗೆ ಮುಖ್ಯವಾಗಿ ಬೇಕಾದದ್ದು ಭಯ. ಈ ಪುಸ್ತಕದಲ್ಲೂ ಭಯ ಇದೆ, ಆದರೆ ಅದು ದೆವ್ವದ್ದಲ್ಲ. ಜೆರೋಮನ ದೆವ್ವ ಯಾರನ್ನೂ ಹೆದರಿಸುವುದಿಲ್ಲ. ಮಾತು ಬಾರದ ಕರುವಿನಂತೆ ಮನೆಯೊಳಗೆ ಸುತ್ತುತ್ತದೆ. ಹೆದರಿದ್ದು ಯಾರು ಎಂದರೆ ಪಿಸ್ತೂಲು ಹಿಡಿದ ಅಧಿಕಾರಿ! ಹುಡುಗ ದೊಡ್ಡವನಂತೆ ಕಂಡ, ನನ್ನ ಜೀವಕ್ಕೇ ಭಯವಾಯಿತು ಎಂದು ನ್ಯಾಯಾಧೀಶರ ಮುಂದೆ ಹೇಳುತ್ತಾನೆ. ಆ ಭಯ ಸಾಚಾ ಎಂದು ಕೋರ್ಟು ಒಪ್ಪುತ್ತದೆ. ಪುಂಡರಿಗೆ ಹೆದರಿ ದಿನಾ ಪಾಯಖಾನೆಯಲ್ಲಿ ಅಡಗಿ ಕೂರುತ್ತಿದ್ದ ಹುಡುಗನ ಭಯಕ್ಕೆ ಮಾತ್ರ ಯಾವ ದಾಖಲೆಯೂ ಇಲ್ಲ. ಭಯಕ್ಕೂ ಪಟ್ಟಾ-ಖಾತೆ ಇದೆಯೆಂದು ಈ ಭಾಗ ಓದುವಾಗ ನಮಗೆ ಹೊಳೆಯಿತು. ಯಾರ ಹೆಸರಿಗೆ ಖಾತೆ ಇದೆಯೋ ಅವರ ಭಯಕ್ಕೆ ಕಾನೂನು ತಲೆಬಾಗುತ್ತದೆ. ಹೊಲೆಯರ ಹುಡುಗ ತಲೆಯೆತ್ತಿ ನಡೆದರೆ, ಹೊಸ ಪ್ಯಾಂಟು ಹಾಕಿದರೆ, ಮೀಸೆ ಬಿಟ್ಟರೆ ಊರೊಳಗಿನವರಿಗೆ ‘ಭಯ’ ಆಗುತ್ತದಲ್ಲ, ಅದೇ ಇದು.

ಅವ್ವ ಅಳುತ್ತಾಳೆ. ಮಗ ಎದುರಿಗೇ ನಿಂತಿದ್ದಾನೆ. ಮುಟ್ಟಿ ಸಮಾಧಾನ ಮಾಡಲಾರ. ಅವಳ ಕಣ್ಣಿಗೆ ಬೀಳಲಾರ. ಅಪ್ಪ ಸಿಟ್ಟಿನಿಂದ ಕುದಿಯುತ್ತಾನೆ. ಅಜ್ಜಿಗೆ ಮಾತ್ರ ಹುಡುಗ ಇಲ್ಲೇ ಎಲ್ಲೋ ಇದ್ದಾನೆಂದು ವಾಸನೆ ಹತ್ತುತ್ತದೆ. ಅವಳು ಹಳೇ ಕಾಲದವಳು. ಹೋದವರೆಲ್ಲ ಹೋಗಿಬಿಡುವುದಿಲ್ಲ ಎಂದು ನಂಬಿದವಳು. ದಿನಾ ಮೊಮ್ಮಕ್ಕಳಿಂದ ಮೂರು ಒಳ್ಳೇ ಸಂಗತಿ ಹೇಳಿಸುವುದು ಅವಳ ಪದ್ಧತಿ. ದಿನವೆಲ್ಲ ಅವಮಾನ ಉಂಡು ಬಂದ ಮಗು ಮೂರು ಒಳ್ಳೇದನ್ನು ಹುಡುಕಬೇಕು! ಮೊದಲ ಓದಿನಲ್ಲಿ ಇದು ನಮಗೆ ಮಧ್ಯಮವರ್ಗದ ಬೆಲ್ಲದ ಮಾತಿನಂತೆ ಕಂಡು ಕಿರಿಕಿರಿಯಾಯಿತು. ಎರಡನೇ ಸಲ ಓದುವಾಗ, ಇದು ಹಟ್ಟಿಯ ಅಜ್ಜಿಯರೆಲ್ಲ ಮಾಡುವ ಕೆಲಸವೇ ಅಲ್ಲವೆ ಅನ್ನಿಸಿತು. ಗಂಜಿಗೆ ಉಪ್ಪಿಲ್ಲದ ದಿನವೂ ಅವರು ಮಕ್ಕಳನ್ನು ನಗಿಸಿಯೇ ಮಲಗಿಸಿದರು. ನಮ್ಮ ಮೊದಲ ಅಭಿಪ್ರಾಯವನ್ನು ಹಿಂತೆಗೆದುಕೊಂಡಿದ್ದೇವೆ.

ಈಗ ನಮ್ಮ ಜಗಳಕ್ಕೆ ಬರೋಣ. ಹೆತ್ತವಳಿಗೆ ಕಾಣದ ಈ ದೆವ್ವ ಮೊದಲಿನಿಂದಲೂ ಯಾರಿಗೆ ಕಾಣುತ್ತದೆ? ಕೊಂದ ಅಧಿಕಾರಿಯ ಮಗಳಿಗೆ! ಅವಳ ಹೆಸರು ಸಾರಾ. ಅವಳಿಗೂ ಹನ್ನೆರಡು ವರ್ಷ. ಜೆರೋಮ್ ಅವಳ ಕೋಣೆಗೆ ಹೋಗುತ್ತಾನೆ. ಅವಳ ಪುಸ್ತಕಗಳನ್ನು ನೋಡುತ್ತಾನೆ. ಅವಳು ಮೊದಮೊದಲು ಅಪ್ಪನನ್ನು ವಹಿಸಿಕೊಳ್ಳುತ್ತಾಳೆ, ಆಮೇಲೆ ನಿಧಾನವಾಗಿ ಓದಿ, ಕೇಳಿ, ಅಪ್ಪನಿಗೇ ಎದುರು ನಿಲ್ಲುತ್ತಾಳೆ. ಅನ್ಯಾಯವಾಗಿ ಸತ್ತ ಮಕ್ಕಳ ಬಗ್ಗೆ ಕಂಪ್ಯೂಟರಿನಲ್ಲಿ ಪುಟ ತೆರೆಯುತ್ತಾಳೆ. ಕೊನೆಗೆ ಅಪ್ಪನೂ ಮೆತ್ತಗಾಗುತ್ತಾನೆ.

ಸತ್ತ ಮೇಲೂ ಕಪ್ಪು ಹುಡುಗನಿಗೆ ಬಿಳಿಯರ ಮನೆಯ ಕೆಲಸ ತಪ್ಪಲಿಲ್ಲವೆ ಎಂದು ನಾವು ಪುಸ್ತಕ ಮುಚ್ಚಿಟ್ಟಿದ್ದುಂಟು. ಬಿಳಿ ಹುಡುಗಿಯೊಬ್ಬಳ ಮನಸ್ಸು ತಿದ್ದಲು ಕಪ್ಪು ಹುಡುಗನ ಹೆಣ ಪಾಠದ ಹಲಗೆಯಾಗಬೇಕೆ? ನಮ್ಮ ಸಾಹಿತ್ಯದಲ್ಲಿ ಈ ಜಾಡು ಹಳೆಯದು. ಬರೆದವರು ಸಜ್ಜನರೇ ಇರಬಹುದು. ಆದರೆ ಹೊಲೆಯ ಸಾಯುವುದು, ಆ ಸಾವಿನಿಂದ ಒಡೆಯನ ಮಗನಿಗೆ ಜ್ಞಾನೋದಯವಾಗುವುದು, ಆ ಜ್ಞಾನೋದಯ ಕಂಡು ಓದುಗರ ಕಣ್ಣು ಒದ್ದೆಯಾಗುವುದು, ಇದನ್ನು ಎಷ್ಟು ಸಲ ಓದಿಲ್ಲ ನಾವು? ಸತ್ತವನ ಅವ್ವ ಅಲ್ಲಿ ಎರಡು ಸಾಲು ಅತ್ತು ಮರೆಯಾಗುತ್ತಾಳೆ. ಜೆರೋಮನ ಅವ್ವನಿಗೂ ಈ ಕಾದಂಬರಿಯಲ್ಲಿ ಸಿಕ್ಕ ಜಾಗ ಸಾರಾಗೆ ಸಿಕ್ಕಷ್ಟಿಲ್ಲ. ಇದು ಕೃತಿಯ ದೊಡ್ಡ ಸೋಲು ಎಂದೇ ನಮ್ಮ ಅಭಿಪ್ರಾಯ. ಮಕ್ಕಳ ಪುಸ್ತಕ ಎಂದು ರಿಯಾಯಿತಿ ತೋರಿಸುವುದಿಲ್ಲ.

ಆದರೆ ಅಲ್ಲಿಗೇ ಕೈತೊಳೆದುಕೊಳ್ಳುವುದೂ ಸರಿಯಲ್ಲ. ಯಾಕೆಂದರೆ ಈ ಪುಸ್ತಕದಲ್ಲಿ ಇನ್ನೊಂದು ದುಃಖ ಇದೆ, ಅದು ಕಾರ್ಲೋಸನದು. ವಲಸೆ ಬಂದ ಕಂದುಬಣ್ಣದ ಹುಡುಗ. ಹೊಸ ಊರು, ಒಬ್ಬನೇ ಗೆಳೆಯ, ಆ ಗೆಳೆಯನಿಗೆ ತಾನೇ ಪ್ರೀತಿಯಿಂದ ಕೊಟ್ಟ ಆಟದ ಸಾಮಾನಿನಿಂದ ಸಾವು. ಕೊಂದ ಅಧಿಕಾರಿ ನನ್ನದು ತಪ್ಪಿಲ್ಲ ಎನ್ನುತ್ತಾನೆ. ಏನೂ ತಪ್ಪು ಮಾಡದ ಮಗು ಎಲ್ಲ ತಪ್ಪನ್ನೂ ತನ್ನ ತಲೆಯ ಮೇಲೆ ಹೊತ್ತುಕೊಂಡು ತಿರುಗುತ್ತದೆ. ಜೆರೋಮನ ತಂಗಿಯನ್ನು ಪುಂಡರಿಂದ ಕಾಯುವುದೇ ಅವನ ಪ್ರಾಯಶ್ಚಿತ್ತ. ಕಡೆಗೆ ಅಜ್ಜಿಯ ಮುಂದೆ ಬಾಯಿಬಿಡುತ್ತಾನೆ. ಅಜ್ಜಿ ಅವನನ್ನು ಅಪ್ಪಿಕೊಳ್ಳುತ್ತಾಳೆ. ಮೆಕ್ಸಿಕೋ ಮೂಲದವರು ಸತ್ತವರಿಗೆ ಎಡೆಯಿಟ್ಟು ನೆನೆಯುವ ಹಬ್ಬದಲ್ಲಿ - ನಮ್ಮ ಮಾರ್ನಮಿಯ ಪಿತೃಪಕ್ಷದಂಥದ್ದೇ ಅದು - ಎರಡು ಮನೆಯವರೂ ಸ್ಮಶಾನದಲ್ಲಿ ಸೇರುತ್ತಾರೆ. ಸಾರಾಳ ಕೋಣೆಯ ಪುಟಗಳಲ್ಲಿ ಸಿಗದ ಬಿಸಿ ಈ ಪುಟಗಳಲ್ಲಿದೆ. ತುಳಿಸಿಕೊಂಡವರು ಇನ್ನೊಬ್ಬ ತುಳಿಸಿಕೊಂಡವನ ತಪ್ಪೊಪ್ಪಿಗೆಯನ್ನು ಕೇಳಿ ಎದೆಗೆ ಹಾಕಿಕೊಳ್ಳುವ ಈ ಭಾಗ ಬರೆದದ್ದಕ್ಕೆ ರೋಡ್ಸ್ ಅವರಿಗೆ ಶರಣು ಎನ್ನುತ್ತೇವೆ.

ಇನ್ನು ಆ ಇನ್ನೊಬ್ಬ ಹುಡುಗ. ಜೆರೋಮನ ದೆವ್ವಕ್ಕೆ ದಾರಿ ತೋರುವ ಹಿರಿಯ ದೆವ್ವ. ಅದೂ ಹುಡುಗನೇ. ಎಮೆಟ್ ಟಿಲ್. ಷಿಕಾಗೋದವನು, ಹದಿನಾಲ್ಕು ವರ್ಷ, ಬೇಸಿಗೆ ರಜೆಗೆ ಮಿಸಿಸಿಪಿ ರಾಜ್ಯದ ನೆಂಟರ ಮನೆಗೆ ಹೋದವನು. 1955ರ ಆಗಸ್ಟಿನಲ್ಲಿ ಮನಿ ಎಂಬ ಹಳ್ಳಿಯ ಅಂಗಡಿಯಲ್ಲಿ ಬಿಳಿ ಹೆಂಗಸಿನ ಜೊತೆ ಸಲಿಗೆಯಿಂದ ನಡೆದುಕೊಂಡನೆಂಬ ಆರೋಪ. ದುಡ್ಡನ್ನು ಕೌಂಟರಿನ ಮೇಲಿಡದೆ ಆಕೆಯ ಕೈಗೇ ಕೊಟ್ಟ, ಅದೇ ಅವನು ಮಾಡಿದ ತಪ್ಪು ಎಂಬ ಹೇಳಿಕೆಯೂ ಉಂಟು. ಚಿಲ್ಲರೆ ಕಾಸನ್ನು ಅಂಗಡಿಯ ಕಲ್ಲಿನ ಮೇಲಿಟ್ಟು ಹಿಂದೆ ಸರಿದು ನಿಲ್ಲುತ್ತಿದ್ದ ನಮ್ಮ ಅಪ್ಪಂದಿರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. ಆ ಹೆಂಗಸಿನ ಗಂಡ ಮತ್ತು ಅವನ ಮಲಸಹೋದರ ರಾತ್ರಿ ಬಂದು ಹುಡುಗನನ್ನು ಎಳೆದೊಯ್ದರು. ಹೊಡೆದು ಕೊಂದು, ಹತ್ತಿ ಗಿರಣಿಯ ಫ್ಯಾನು ಕಟ್ಟಿ ಟಲ್ಲಹಾಚಿ ನದಿಗೆ ಎಸೆದರು. ಬರೀ ಬಿಳಿಯರೇ ಇದ್ದ ಜ್ಯೂರಿ ಒಂದು ಗಂಟೆಗೆ ಸ್ವಲ್ಪ ಹೆಚ್ಚು ಹೊತ್ತು ಕೂತು ಇಬ್ಬರನ್ನೂ ಬಿಟ್ಟಿತು. ಬಿಡುಗಡೆಯಾದ ಮೇಲೆ 1956ರ ಜನವರಿಯಲ್ಲಿ ಅವರೇ ಪತ್ರಿಕೆಯೊಂದರಲ್ಲಿ ಕೊಂದದ್ದು ಹೌದು ಎಂದು ಒಪ್ಪಿಕೊಂಡರು. ಆ ಒಪ್ಪಿಗೆಗೆ ಕಾಸನ್ನೂ ತೆಗೆದುಕೊಂಡರು.

ಎಮೆಟ್‌ನ ತಾಯಿ ಮೇಮಿ ಟಿಲ್ ಮಗನ ಹೆಣದ ಪೆಟ್ಟಿಗೆಯನ್ನು ಮುಚ್ಚಗೊಡಲಿಲ್ಲ. ಗುರುತು ಸಿಗದಂತೆ ಕೆಟ್ಟುಹೋಗಿದ್ದ ಮುಖವನ್ನು ಜಗತ್ತೆಲ್ಲ ನೋಡಲಿ ಎಂದಳು. ಸಾವಿರಾರು ಜನ ನೋಡಿದರು. ‘ಜೆಟ್’ ಪತ್ರಿಕೆ ಫೋಟೋ ಹಾಕಿತು. ಬೀದಿಯಲ್ಲಿ ನಿಂತ ತಾಯಿಯ ದುಃಖ ಅದು. ಕಾದಂಬರಿಯೊಳಗಿನ ತಾಯಿ ಅಷ್ಟು ಮಂಕಾದಳೇಕೆ ಎಂದು ನಾವು ಕೇಳುವುದು ಈ ತಾಯಿಯನ್ನು ನೆನೆದೇ.

ದೆವ್ವದ ಹುಡುಗರು ಬದುಕಿದ್ದವರಿಂದ ಕೇಳುವುದು ಒಂದೇ: ಸಾಕ್ಷಿಯಾಗಿ. ನೋಡಿದ್ದನ್ನು ಹೇಳಿ. ಸತ್ತವರಿಂದ ಲೋಕ ರಿಪೇರಿಯಾಗುವುದಿಲ್ಲ, ಅದು ಬದುಕಿದ್ದವರ ಪಾಲಿನ ಕೆಲಸ. ಈ ಮಾತನ್ನು ಒಪ್ಪದವರಾರು? ಆದರೆ ಸಾಕ್ಷಿ ಎಂಬ ಮಾತು ಕೇಳಿದೊಡನೆ ನಮಗೆ ಕಂಬಾಲಪಲ್ಲಿ ನೆನಪಾಗುತ್ತದೆ. 2000ದ ಮಾರ್ಚ್ 11ರಂದು ಆಗಿನ ಕೋಲಾರ ಜಿಲ್ಲೆ ಚಿಂತಾಮಣಿ ತಾಲ್ಲೂಕಿನ ಆ ಹಳ್ಳಿಯಲ್ಲಿ ಏಳು ಜನ ದಲಿತರನ್ನು ಮನೆಯೊಳಗೆ ಜೀವಂತ ಸುಟ್ಟರು. ಕೋರ್ಟಿನಲ್ಲಿ ಸಾಕ್ಷಿಗಳು ತಿರುಗಿಬಿದ್ದರು. 2006ರಲ್ಲಿ ಆರೋಪಿಗಳಿಗೆ ಬಿಡುಗಡೆಯಾಯಿತು. 2014ರಲ್ಲಿ ಹೈಕೋರ್ಟೂ ಅದನ್ನೇ ಎತ್ತಿಹಿಡಿಯಿತು. ತಿರುಗಿಬಿದ್ದ ಸಾಕ್ಷಿಗಳನ್ನು ನಾವು ಹಳಿಯಲಾರೆವು. ಕೂಲಿ ಅವರ ಹೊಲದಲ್ಲಿ, ದಾರಿ ಅವರ ಮನೆ ಮುಂದೆ. ರಾತ್ರಿ ಮಲಗುವುದಂತೂ ಅದೇ ಊರಿನಲ್ಲಿ.

ಸಾರಾ ತೆರೆದ ಕಂಪ್ಯೂಟರ್ ಪುಟಕ್ಕೆ ಏನು ಬೆಲೆ ತೆತ್ತಳು? ಅಪ್ಪನ ಜೊತೆ ಕೆಲವು ದಿನ ಮನಸ್ತಾಪ. ಎಮೆಟ್‌ನ ಕತೆಯಲ್ಲೇ ನಿಜವಾದ ಸಾಕ್ಷಿಯೊಬ್ಬನಿದ್ದ. ಅವನ ಅಜ್ಜಿಯ ಕಡೆಯ ಸಂಬಂಧಿ, ಮೋಸ್ ರೈಟ್ ಎಂಬ ಅರವತ್ತು ದಾಟಿದ ಮುದುಕ. ಬಿಳಿಯರ ಜಮೀನಿನಲ್ಲಿ ಪಾಲಿಗೆ ಹತ್ತಿ ಬೆಳೆಯುತ್ತಿದ್ದವನು. ಹುಡುಗನನ್ನು ಎಳೆದೊಯ್ದದ್ದು ಇವನ ಮನೆಯಿಂದಲೇ. ಮಿಸಿಸಿಪಿಯ ಆ ಕೋರ್ಟಿನಲ್ಲಿ, ಬಿಳಿಯರೇ ತುಂಬಿದ್ದ ಕಡೆ, ಈ ಮುದುಕ ಎದ್ದು ನಿಂತು, ಕೈಚಾಚಿ, ಬಂದವರು ಇವರೇ ಎಂದು ಬೆರಳು ತೋರಿಸಿದ. ಆಮೇಲೆ ಅಲ್ಲಿ ಇರಲಾಗಲಿಲ್ಲ. ನಿಂತ ಬೆಳೆ ಬಿಟ್ಟು, ಮನೆ ಬಿಟ್ಟು ಷಿಕಾಗೋಗೆ ಹೊರಟುಹೋದ. ಸಾಕ್ಷಿ ಹೇಳುವುದಕ್ಕೆ ಎಷ್ಟು ಎಕರೆ ಬೀಳುತ್ತದೆ, ಎಷ್ಟು ಹೊತ್ತಿನ ಊಟ ಬೀಳುತ್ತದೆ ಎಂದು ಮಕ್ಕಳಿಗೆ ಹೇಳಲೇಬೇಕಿತ್ತು. ಹನ್ನೆರಡರ ಹುಡುಗನ ಬೆನ್ನಿಗೆ ಗುಂಡು ಬಿದ್ದದ್ದನ್ನು ತಡೆದುಕೊಳ್ಳುವ ಮಕ್ಕಳು ಇದನ್ನೂ ತಡೆದುಕೊಳ್ಳುತ್ತಾರೆ. ರೋಡ್ಸ್ ಇಲ್ಲಿ ಕೈ ಬಿಗಿಹಿಡಿದರು. ಸಾಕ್ಷಿ ಎಂಬುದು ಹೃದಯದ ಮಾತಾಗಿಬಿಟ್ಟಿತು.

ಇಷ್ಟಾದರೂ ಪುಸ್ತಕಕ್ಕೆ ವಿರೋಧ ಬಂದದ್ದು ಬೇರೆ ದಿಕ್ಕಿನಿಂದ. 2021ರಲ್ಲಿ ಫ್ಲಾರಿಡಾದಲ್ಲಿ ಐದನೇ ಕ್ಲಾಸಿನ ಮಕ್ಕಳಿಗೆ ಇದನ್ನು ಓದಿಸಹೊರಟಾಗ ಪೊಲೀಸರ ಸಂಘದವರು ತಕರಾರು ತೆಗೆದರು. ಮಕ್ಕಳಿಗೆ ಪೊಲೀಸರ ಮೇಲೆ ಅಪನಂಬಿಕೆ ಹುಟ್ಟುತ್ತದಂತೆ. ಮೆತ್ತಗಾಗುವ ಪೊಲೀಸಪ್ಪನನ್ನು ಬರೆದು ಇಷ್ಟೆಲ್ಲ ರಾಜಿ ಮಾಡಿಕೊಂಡ ಪುಸ್ತಕವನ್ನೂ ಅವರಿಗೆ ಸಹಿಸಲಾಗಲಿಲ್ಲ. ನಾವು ರೋಡ್ಸ್ ಜೊತೆ ಜಗಳ ಆಡುವುದು ಮನೆಯೊಳಗಿನ ಜಗಳ. ಆ ಸಂಘದವರ ಪಕ್ಕ ನಿಂತು ಆಡುವ ಜಗಳವಲ್ಲ, ಇದು ಸ್ಪಷ್ಟವಿರಲಿ.

ಮನೆಯೊಳಗಿನದು ಎಂದು ಸುಮ್ಮನೆ ಹೇಳುತ್ತಿಲ್ಲ. 1946ರಲ್ಲಿ ಬಾಬಾಸಾಹೇಬರು ಕಪ್ಪು ಚಿಂತಕ ಡುಬಾಯ್ಸ್ ಅವರಿಗೆ ಪತ್ರ ಬರೆದು, ಕರಿಯರು ವಿಶ್ವಸಂಸ್ಥೆಗೆ ಸಲ್ಲಿಸಿದ ಅಹವಾಲಿನ ಪ್ರತಿ ಕೇಳಿದ್ದರು. 1972ರಲ್ಲಿ ಮುಂಬಯಿಯ ದಲಿತ ತರುಣರು ತಮ್ಮ ಸಂಘಟನೆಗೆ ಬ್ಲ್ಯಾಕ್ ಪ್ಯಾಂಥರರ ಹೆಸರಿನಿಂದಲೇ ಹೆಸರು ಪಡೆದರು. ಆ ನೆಂಟಸ್ತಿಕೆಯಿಂದಲೇ ನಮಗೆ ಈ ಪುಸ್ತಕದ ಒಳಗೆ ಕಾಲಿಟ್ಟು, ಚಾವಡಿಯಲ್ಲಿ ಕೂತು ಗದರುವ ಸಲಿಗೆ ಬಂದಿದೆ.

ಕನ್ನಡದಲ್ಲಿ ಇಂಥದ್ದು ಇಲ್ಲವೆ? ದೊಡ್ಡವರಿಗೆ ಇದೆ. ದೇವನೂರ ಮಹಾದೇವ ಅವರ 1984ರ ‘ಕುಸುಮಬಾಲೆ’ಯಲ್ಲಿ ಇರುಳು ಮನೆಮನೆಯ ಜೋತಮ್ಮಗಳು ಒಂದೆಡೆ ಸೇರಿ ಮನುಷ್ಯರ ಸುದ್ದಿ ಆಡುತ್ತವೆ. ಅಲ್ಲೂ ಒಬ್ಬ ದಲಿತ ಹುಡುಗ ಕೊಲೆಯಾಗಿದ್ದಾನೆ. ಮನುಷ್ಯರು ನುಂಗಿಕೊಂಡದ್ದನ್ನು ಕಾಣದ ಜೀವಗಳು ಆಡುವ ಬಗೆ ಅಲ್ಲಿದೆ, ಯಾರ ಮನಸ್ಸನ್ನೂ ತಿದ್ದುವ ಕೂಲಿ ಆ ಜೋತಮ್ಮಗಳಿಗಿಲ್ಲ. ಆದರೆ ಅದನ್ನು ಹತ್ತು ವರ್ಷದ ಮಗುವಿನ ಕೈಗಿಡಲಾಗದು. ಮಗುವಿಗೆಂದೇ, ಮಗುವಿನ ಭಾಷೆಯಲ್ಲಿ, ಹಟ್ಟಿಯ ಮಗು ತನ್ನ ಸತ್ತ ಅಣ್ಣನನ್ನು ನೆನೆಯುವ ಒಂದು ಕತೆ ಬರೆಯಬೇಕೆಂದು ನಮ್ಮ ಬಂಡಾಯದ ಲೇಖಕರಲ್ಲಿ ಎಷ್ಟು ಜನರಿಗೆ ಅನ್ನಿಸಿದೆ? ನಮ್ಮನ್ನೂ ಸೇರಿಸಿಯೇ ಕೇಳುತ್ತಿದ್ದೇವೆ.

ಈ ಲೇಖನ ಬರೆಯುವ ಮುಂಚೆ ಒಂದು ಭಾನುವಾರ ವಿದ್ಯಾರ್ಥಿನಿಲಯವೊಂದರಲ್ಲಿ ಮಕ್ಕಳನ್ನು ಕೂರಿಸಿಕೊಂಡು ಈ ಕತೆಯನ್ನು ಕನ್ನಡದಲ್ಲಿ ಬಾಯಿಮಾತಿನಲ್ಲಿ ಹೇಳಿದೆವು. ಆರನೇ ಕ್ಲಾಸಿನವರು, ಏಳನೇ ಕ್ಲಾಸಿನವರು. ದೆವ್ವದ ಕತೆ ಅಂದದ್ದಕ್ಕೆ ಒಬ್ಬರ ಮೈಗೊಬ್ಬರು ಅಂಟಿಕೊಂಡು ಕೂತರು. ಗುಂಡು ಬಿದ್ದಾಗ ಯಾರೂ ಉಸಿರೆತ್ತಲಿಲ್ಲ. ಸಾರಾಳ ಭಾಗ ಬಂದಾಗ ಒಬ್ಬ ಹುಡುಗ ಎದ್ದು ನಿಂತ.

“ಅಲ್ಲಾ ಸಾ, ಅವನು ದೆವ್ವ ಆಗಿದಾನೆ ಅಂತೀರಿ. ಆ ಪೊಲೀಸ್ನೋನ್ನ ಯಾಕ್ ಸಾ ಸುಮ್ಕೆ ಬುಟ್ಬುಟ್ಟ? ಮೈಮೇಲ್ ಬರ್ಬೇಕಾಗಿತ್ತು!”

ಎಲ್ಲ ನಕ್ಕರು. ನಾವು ಪುಸ್ತಕದಲ್ಲಿ ಹಾಗಿಲ್ಲವಪ್ಪ ಎಂದೆವು. ಹಿಂದೆ ಕೂತಿದ್ದ ಹುಡುಗಿಯೊಬ್ಬಳು ನಗಲಿಲ್ಲ. ಅವಳು ಕೇಳಿದ್ದು ಬೇರೆ.

“ಅವರಮ್ಮಂಗೆ ಯಾಕ್ ಕಾಣಲ್ಲ ಸಾ ಅವನು? ನಮ್ಮಣ್ಣ ಸತ್ತೋದಾಗ ನಮ್ಮವ್ವ ದಿನಾ ಸಂಜೆ ತಟ್ಟೆ ಇಕ್ಕೋಳು. ಬಂದು ಉಂಡೋಗ್ತನೆ ಅನ್ನೋಳು.”

ನಮ್ಮ ಹತ್ತಿರ ಉತ್ತರವಿರಲಿಲ್ಲ. ಅಜ್ಜಿಗೆ ಸ್ವಲ್ಪ ಗೊತ್ತಾಗ್ತಿತ್ತಮ್ಮ ಎಂದು ಹೇಳಿ ಕತೆ ಮುಂದುವರಿಸಿದೆವು. ಬರುವಾಗ ಪುಸ್ತಕವನ್ನು ಅಲ್ಲೇ ಬಿಟ್ಟುಬಂದೆವು. ವಾರ್ಡನ್ ಹೇಳುವ ಪ್ರಕಾರ, ಆ ಹುಡುಗಿ ನಿಘಂಟು ಇಟ್ಟುಕೊಂಡು ರಾತ್ರಿ ಎರಡೆರಡು ಪುಟ ಕನ್ನಡ ಮಾಡಿ ಉಳಿದವರಿಗೆ ಓದುತ್ತಿದ್ದಾಳಂತೆ. ಅವಳು ಹೇಳುವ ಕತೆಯಲ್ಲಿ ಜೆರೋಮ್ ಮೊದಲು ಹೋಗುವುದು ಅವ್ವನ ಹತ್ತಿರವಂತೆ.